ಬೇವಿನ ಮರ, ಒಂದು

ನವನಗರ, ಸೆಕ್ಟರ್ ನಲವತ್ತೇಳು. ತಗಡಿನ ಮಾಡು.
ದ್ವಿತೀಯ ಪಿಯುಸಿ, ಕಲಾ ವಿಭಾಗ, ಮೂರನೇ ಪೀರಿಯಡ್.
ಫೆಬ್ರುವರಿಗೇ ಫ್ಯಾನು ಬಿಸಿಗಾಳಿ ಕಲಸುತ್ತಿದೆ.
ಪಾಠದಲ್ಲಿ ಮಾತ್ರ ಇನ್ನೂರು ವರ್ಷದಿಂದ ಜಿಟಿಜಿಟಿ ಮಳೆ,
ಹೊರಗೆ ಮಂಜು, ಒಳಗೆ ಅಗ್ಗಿಷ್ಟಿಕೆ.

"ಮೇಡಂ, ಮನಿಯೊಳಗ ಬೆಂಕಿ ಹಚ್ಚಿ
ಅದರ ಮುಂದ ಕುಂದರತಾರೇನ್ರಿ?"
ಕೇಳಿದವಳು ರೇಣವ್ವ ಕಟಗೇರಿ, ವೇಲಿನಿಂದ ಬೆವರೊರೆಸುತ್ತ.
ಕುಂದರತಾರವಾ. ಅಷ್ಟ ಅಲ್ಲ, ಮ್ಯಾಲ ಚಾ ಬ್ಯಾರೆ ಕುಡೀತಾರ.
ಕ್ಲಾಸು ನಕ್ಕಿತು. ಚಾ ಮಟ್ಟಿಗೆ ಎಲ್ಲ ತಿಳಿಯಿತು.

'ಮೂರ್' ಎಂಬ ಶಬ್ದಕ್ಕೆ ನಿಘಂಟು ಕೈಕೊಟ್ಟಿತು:
ಬಂಜರು, ಜೌಗು, ಪಾಳು ಎಂದು ಗೊಣಗಿ ಸುಮ್ಮನಾಯಿತು.
ಎರಿ ಹೊಲ ಅಂದುಕೊಳ್ಳಿ, ಬಿತ್ತದೆ ಬಿಟ್ಟದ್ದು,
ಗಾಳಿಗೆ ಅಡ್ಡ ಒಂದು ಜಾಲಿಯೂ ಇಲ್ಲ, ಎಂದೆ.
ಹಿಂದಿನ ಬೆಂಚಿಗೆ ಕಾದಂಬರಿ ಆಗ ತಲುಪಿತು.
ಪೂರ್ತಿ ತಪ್ಪಾಗಿ ಇರಬಹುದು. ಆದರೂ.

ಮಧ್ಯಾಹ್ನ ಪ್ರಬಂಧ. 'ನಮ್ಮ ಊರು', ಇನ್ನೂರೈವತ್ತು ಶಬ್ದ.
ಗೈಡಿನ ಮೊದಲ ವಾಕ್ಯ ಬೇಡ ಎಂದು ಕೈಮುಗಿದು ಹೇಳಿದ್ದೆ.
ಮೂವತ್ತೊಂದು ಜನ 'ಅನಾದಿ ಕಾಲದಿಂದಲೂ' ಎಂದೇ ಶುರುಮಾಡಿದರು.
ನಮ್ಮ ಸೆಕ್ಟರಿಗೆ ಇನ್ನೂ ಮೂವತ್ತು ತುಂಬಿಲ್ಲ.

ನಮ್ಮ ಮಾತಿನಲ್ಲಿಲ್ಲದ ಎರಡು ಹರಳು, 'ಎ' ಮತ್ತು 'ದಿ'.
ಇಪ್ಪತ್ತೆರಡು ವರ್ಷದಿಂದ ಅದನ್ನೇ ಹೇಳುತ್ತ ಬಂದಿದ್ದೇನೆ:
ಮೊದಲ ಸಲ ಬಂದದ್ದು 'ಎ', ಹೊಸ್ತಿಲಾಚೆಯೇ ನಿಲ್ಲಬೇಕು.
ಹೇಳುವವನಿಗೂ ಕೇಳುವವನಿಗೂ
ಇಬ್ಬರಿಗೂ ಗೊತ್ತಿದ್ದರಷ್ಟೇ 'ದಿ'.

ರಾತ್ರಿ ತಾಟು ಸರಿಸಿ ಕೆಂಪು ಪೆನ್ನು ಹಿಡಿದೆ.
ದಾವಲಮಲಿಕ ನದಾಫ. ಅಕ್ಷರಗಳು ಹಿಂಜಿದ ಅರಳೆ,
ಗೆರೆ ಬಿಟ್ಟು ಹಾರುತ್ತವೆ.
ಪೀಠಿಕೆಯಿಲ್ಲ, ಅನಾದಿ ಕಾಲವಿಲ್ಲ. ಮೊದಲ ವಾಕ್ಯವೇ:
ನಮ್ಮಜ್ಜ 'ದಿ' ಬೇವಿನ ಮರದ ಕೆಳಗೆ ಗಾದಿ ಹೊಲಿಯುತ್ತಿದ್ದ.
ಯಾವ ಮರ? ಸುತ್ತು ಹಾಕಿದೆ.
'ದಿ' ಹೊಡೆದು 'ಎ' ಬರೆದೆ. ಅರ್ಧ ಅಂಕ ಕಳೆದೆ.
ಬದಿಗೆ ದುಂಡಗೆ ಬರೆದೆ: ಓದುಗನಿಗೆ ಈ ಮರ ಗೊತ್ತಿಲ್ಲ.

ಮರುದಿನ ಹುಡುಗ ಟೇಬಲ್ಲಿನ ತನಕ ಬಂದ. ಜಗಳಕ್ಕಲ್ಲ.
"ಅರ್ಧ ಅಂಕ ಹೋಗ್ಲಿ ಬಿಡ್ರಿ ಮೇಡಂ.
ಖರೆ, ಆ ಗಿಡ ನಿಮಗ ಗೊತ್ತೈತಿ.
ಹಳೇ ಊರಾಗ ನಿಮ್ಮ ಮನಿ ಗಾದಿ ನಮ್ಮಜ್ಜನ ಹೊಲದಿದ್ದಂತ.
ಸಾಲಿ ಬಿಟ್ಟು ಬಂದು ಅರಳಿ ರಾಶಿ ಮ್ಯಾಲ
ನಿದ್ದಿ ಹೊಡೀತಿದ್ದರಂತ ನೀವು, ಬಾಯಿ ತಕ್ಕೊಂಡು."

ಗಿಡ ಅಂದ. ಮರ ಅನ್ನಲಿಲ್ಲ.

ಬಿಲ್ಲಿನ ಟೊಂಯ್ ಟೊಂಯ್. ಮೂಗಿನೊಳಗೆ ಎಳೆ ಎಳೆ.
ನಾನು ಬಿ.ಎ.ಗೆ ಬರುವ ಹೊತ್ತಿಗೆ ಬೊಡ್ಡೆಯ ಮೇಲೆ
ಸುಣ್ಣದಲ್ಲಿ ಬರೆದ ನಂಬರು, ನೂರಾ ಹದಿನೆಂಟು.
ಬೀದಿಯ ಗಿಡ. ಯಾರ ಹೆಸರಿನಲ್ಲೂ ಇಲ್ಲ,
ಪರಿಹಾರ ಯಾರಿಗೂ ಬರಲಿಲ್ಲ.
ಸರ್ವೇದವರ ರಿಜಿಸ್ಟರನ್ನು ಅಪ್ಪ ಬಗ್ಗಿ ಓದಿದ್ದರು:
ಬೇವಿನ ಮರ, ಒಂದು.
ಆ ಕೈಬರಹವೂ ದುಂಡಗೇ ಇತ್ತು.
ಆಮೇಲೆ ಗರಗಸ. ಆಮೇಲೆ ಹಿನ್ನೀರು.

ಪರೀಕ್ಷೆಯಲ್ಲಿ 'ಎ' ಅಂತಲೇ ಬರಿಯಪ್ಪ, ಎಂದೆ.
ಪೇಪರ್ ತಿದ್ದುವವರು ಮಂಡ್ಯದವರೋ ಕಾರವಾರದವರೋ.
ಹೂಂ ಅಂದ.
ಕೆಂಪು ಶಾಯಿ ಅಳಿಸಲು ಬರುವುದಿಲ್ಲ.
'ಎ' ಮೇಲೆ ಗೆರೆ ಎಳೆದು, ಅದರ ನೆತ್ತಿಗೆ 'ದಿ' ಬರೆದೆ,
ಹಾಳೆಯ ಆ ಮೂಲೆ ಹಿಂಜದ ಅರಳೆಯಂತೆ ಗಂಟಾಯಿತು.
ಅರ್ಧ ಅಂಕ ಕೂಡಿಸಿದೆ.

ಆಮೇಲೆ ಮತ್ತೆ ಮೂರನೇ ಪೀರಿಯಡ್. ಮತ್ತೆ ಮಂಜು, ಅಗ್ಗಿಷ್ಟಿಕೆ.
ಹೊಸ ಅಧ್ಯಾಯ 'ದಿ ಹೌಸ್' ಎಂದು ಶುರುವಾಗುತ್ತದೆ,
ಎಲ್ಲರಿಗೂ ಆ ಮನೆ ಗೊತ್ತಿರುವ ಹಾಗೆ.
ಯಾವ ಮನಿ ಮೇಡಂ, ಎಂದು ರೇಣವ್ವ ಕೇಳಲಿಲ್ಲ.
ಕೇಳಲಿ ಎಂದು ತುಸು ಹೊತ್ತು ಕಾದೆ.