ಆರು ವೋಲ್ಟಿನ ಡಬ್ಬಿ

ಮೊದಲ ಬಿಸಿನೀರು.
ಬಾಣಂತಿಗೆ ಎರಿಯೂವಷ್ಟು ಬಿಸಿ, ಕುದಿಬಾರದು.
ಎಬೊನೈಟಿನ ಡಬ್ಬಿ ಬಕೀಟಿನಾಗ ಕೂತು
ನೆತ್ತಿಮ್ಯಾಲಿನ ಡಾಂಬರು
ಹುಣಸಿಹಣ್ಣಿನಂಗ ಮೆತ್ತಗಾಗೂತನಕ
ನಾ ಕೈ ಹಚ್ಚೂದಿಲ್ಲ.
ಅವಸರಕ್ಕ ಒಡದ ಡಬ್ಬಿ ಮೂರು ಅದಾವ ಅಲ್ಲೆ, ಮೂಲ್ಯಾಗ.
ಒಂದರಾಗ ಅಮ್ಮಿ ಪುದೀನಾ ಹಚ್ಚಿದ್ಲು;
ಹತ್ತಲಿಲ್ಲ.

ಆಮ್ಯಾಲ ಸೋಡಾ. ಅಡಗಿ ಸೋಡಾನ, ಕಿರಾಣಿ ಅಂಗಡಿದು.
ಬುರುಬುರು ನೊರಿ ಎದ್ದರ
ಹಳೇ ಆಸಿಡ್ಡಿನ ಮಾತು ಇನ್ನೂ ಮುಗದಿಲ್ಲ ಅಂತ ಲೆಕ್ಕ,
ಸುಮ್ಮನಾಗೂತನಕ ಹಾಕಬೇಕು.
ಆಸಿಡ್ಡು ಬಿದ್ದದ್ದು ಬಿದ್ದಾಗ ತಿಳಿಯೂದಿಲ್ಲರಿ,
ಅರಬಿ ಒಗದ ಮ್ಯಾಲ ತಿಳೀತೈತಿ.
ಅಬ್ಬಾನ ಪ್ಯಾಂಟು ಜರಡಿ ಆಗಿ ಹಗ್ಗದ ಮ್ಯಾಲ ಹಾರೂದು,
ಅದರೊಳಗಿಂದ ಬೆಳಗಾವಿ ಕ್ಯಾಂಪಿನ ಗುಲ್‌ಮೊಹರ ಕಾಣೂದು
ತುಕಡಾ ತುಕಡಾ.

ಸೀಸದ ಹಾಳಿ ಒಂದೊಂದಾಗಿ ಎಳದು ತಗೀತೇನಿ.
ತಳದಾಗ ಕೂತ ಕಂದು ಗಷ್ಟು ಉಗುರಿನಾಗ ಹೊಕ್ಕರ
ಆವತ್ತು ಊಟಕ್ಕ ಚಮಚಾನ ಗತಿ.
ಸೀಸ ಕರಗಿಸಿ ಹಿಡಕಲ್ಲಿನ ಮೀನಗಾರರಿಗೆ ಕೊಡೂದು,
ಗುಂಡು ಮಾಡಿ ಬಲಿಯ ಅಂಚಿಗೆ ಕಟ್ಟತಾರ.
ಒಂದು ಕಾಲಕ್ಕ ದೀಪಾ ಹಚ್ಚಿದ್ದು
ಈಗ ಡ್ಯಾಮಿನ ತಳದಾಗ, ಕತ್ತಲಾಗ,
ಮೀನ ಹುಡಿಕ್ಕೋತ ಹೊಂಟೈತಿ.

ಖಾಲಿ ಆತು. ಮೂರು ಮನಿ, ನಡುವ ಎರಡು ಗ್ವಾಡಿ.
ಹ್ಯಾಕ್ಸಾ ಬ್ಲೇಡಿಲೆ ಗ್ವಾಡಿ ಕೊಯ್ದು
ಎಮರ್ಜೆನ್ಸಿ ಲೈಟಿನಾಗ ಹಾಕ್ತಾರಲ್ಲ, ಆ ಸಣ್ಣ ಬ್ಯಾಟರಿ
ಒಳಗ ಕೂಡಸೂದು. ನೀರು ಬೇಡೂದಿಲ್ಲ, ವಾಸನಿ ಇಲ್ಲ.
ಮ್ಯಾಲ ಅವೇ ಹಳೇ ಮೂರು ಬಿರಡಿ,
ತಿರುವಿದ್ರ ತಿರಗತಾವ,
ತಗದು ಇಣಕಿದ್ರ ಏನೂ ಇಲ್ಲ.
ಇದು ಸುಳ್ಳಲ್ಲೇನು, ಅಂತ ಕೇಳಿದ್ನಿ ಸಣ್ಣಾಕಿ ಇದ್ದಾಗ.
"ದೀಪಾ ಹತ್ತತೈತಿಲ್ಲ ಜೈತೂನ? ಹತ್ತಿದ ಮ್ಯಾಲ ಕೇಳು."

ಇದು ಮ್ಯಾಚ್‌ಲೆಸ್ ಗಾಡೀದು. ಕೊಲ್ಲಾಪುರದ ಸಾವಕಾರ ತಂದಾನ,
ಕಾರ್ಖಾನಿಯಿಂದ ನಿನ್ನೆ ಬಂದಂಗ ಆಗಬೇಕು, ಅಂದಾನ.
ಎಣ್ಣಿಮಣ್ಣು ಒರಸಿದ್ರ ಒಂದು ಮಗ್ಗಲಾಗ ಬಿಳೇ ಬಣ್ಣದ ಅಕ್ಷರ:
ಎಸ್ತೇರಬಾಯಿ. ನರ್ಸ. ಕಿತ್ತೂರ ದವಾಖಾನಿ.
ಚಾರ್ಜಿಂಗಿಗೆ ಬಿಟ್ಟ ಬ್ಯಾಟರಿ ಅದಲಿಬದಲಿ ಆಗಬಾರದಂತ
ಯಾರೋ ಕುಂಚದ ತುದೀಲೆ ಬರದಾರ.
ಮೊದಲ 'ನಸ' ಅಂತ ಬರದು
ಅರ್ಕಾವತ್ತು ಆಮ್ಯಾಲ ತುರುಕ್ಯಾರ.

ನಡುರಾತ್ರಿ ಬಾಗಲಾ ಬಡದು ಎಬ್ಬಿಸಿದಾಗ
ಈ ಡಬ್ಬಿಯ ಹಳದಿ ಬೆಳಕು
ಚಕ್ಕಡಿ ದಾರ್ಯಾಗ ಎಷ್ಟು ಮಾರು ಬೀಳತಿತ್ತೋ.
ಗಾಡಿ ಅಕಿನ ಹೊಡೀತಿದ್ಲೋ, ಗಂಡನ ಹಿಂದ ಕೂಡತಿದ್ಲೋ.
ನನ್ನ ಕಣ್ಣಿಗೆ ಅಕಿನ ಹೊಡದಂಗ ಕಾಣತೈತಿ,
ಸೀರಿ ನೆರಿಗಿ ಎತ್ತಿ ಕಟ್ಟಿ.

ಉಸುಕಿನ ಕಾಗದ ಕೈಯಾಗ ಹಿಡಕೊಂಡು ಮೂರು ಚಾ ಕುಡದೆ.

ಮೂರು ಮಗ್ಗಲಾ ತಿಕ್ಕಿ, ಕರೇ ಬೂಟಪಾಲಿಶ್ ಹಚ್ಚಿ ಕನ್ನಡಿ ಮಾಡಿದೆ.
ನಾಕನೇದ್ದು ಮುಟ್ಟಲಿಲ್ಲ.
ಅದರ ಮಾರಿ ಫ್ರೇಮಿನ ಕಬ್ಬಣಕ್ಕ ಹಚ್ಚಿ ಕೂಡಿಸಿ
ಪಟ್ಟಿ ಬಿಗದೆ.

ಸಾವಕಾರ ಬಂದ. ಬಗ್ಗಿ ನೋಡಿದ, ಬೆರಳ ಆಡಿಸಿದ,
ಬಿರಡಿ ತಿರುವಿ ನಕ್ಕ. ಐನೂರು ಜಾಸ್ತಿ ಕೊಟ್ಟ.
ಹಾಡಾಹಗಲ ದೀಪಾ ಹಚ್ಚಿದ; ಹತ್ತಿತು.

ಪಟ್ಟಿ ಸಡಲ ಆದ್ರ ನೀವ ಬಿಚ್ಚಾಕ ಹೋಗಬ್ಯಾಡ್ರಿ, ಅಂದೆ.
ಇಲ್ಲೇ ತರ್ರಿ.