ಹಂಚು

ಅಲ್-ರೈ ಸಂತೆಯಲ್ಲಿ, ಶುಕ್ರವಾರ ಬೆಳಿಗ್ಗೆ
ಕೆಟ್ಟ ಫ್ಯಾನು, ಒಂಟಿ ಬೂಟು, ಯಾರದೋ ಮಗುವಿನ ಸೈಕಲ್ಲಿನ ನಡುವೆ
ಬೋರಲು ಬಿದ್ದಿತ್ತು, ಹಿಡಿಕೆ ಇಲ್ಲದೆ.
ಮುಕ್ಕಾಲು ದಿನಾರ್ ಅಂದ.
ಬೆರಳ ಗೆಣ್ಣಿನಿಂದ ಬಡಿದು ನೋಡಿದೆ, ಬಿರುಕಿಲ್ಲದ ದನಿ.
ಹನ್ನೊಂದು ವರ್ಷ ಕಬ್ಬಿಣ ಬೆಸೆದವನು ನಾನು,
ದನಿ ಸುಳ್ಳಾಡಿದರೆ ತಿಳಿಯುತ್ತದೆ.
ಹಿಡಿಕೆ ಎಲ್ಲಿ ಅಂದೆ.
ಊರಿಗೆ ಹೋಯಿತು, ಯಜಮಾನನ ಜೊತೆ, ಅಂದ ನಗದೆ.
ನಾನೂರು ಫಿಲ್ಸಿಗೆ ಮಾತು ಮುಗಿಯಿತು.

ಸೈಟಿನಲ್ಲಿ ಚಹಾದ ಹೊತ್ತು
ಉಳಿದ ಸರಳಿನ ತುಂಡೊಂದು ಹುಡುಕಿ
ಎರಡು ಕಡ್ಡಿ ಉರಿಸಿ ಹಿಡಿಕೆ ಕೂರಿಸಿದೆ.
ಫೋರ್‌ಮನ್ ವಗ್ದಿ ಬೆನ್ನ ಹಿಂದೆಯೇ ನಿಂತಿದ್ದ.
ಬಗ್ಗಿ, ಕನ್ನಡಕ ಮೇಲೆತ್ತಿ, ಬೆಸುಗೆಯ ಮೇಲೆ ಉಗುರಾಡಿಸಿ
ಪೈಪಿಗೆ ಇಷ್ಟು ಚಂದ ಯಾವತ್ತಾದರೂ ಹಾಕಿದ್ದೀಯಾ, ಅಂದ.
ಬೈದನೋ ಹೊಗಳಿದನೋ ಇವತ್ತಿಗೂ ಗೊತ್ತಿಲ್ಲ.

ಖುಬ್ಬೂಸ್ ಅಗ್ಗ, ಬಲ್ಲೆ.
ಜೇಬಿನ ಚಿಲ್ಲರೆಗೆ ಒಂದು ಕಟ್ಟು.
ಹೊಟ್ಟೆ ತುಂಬಿಕೊಳ್ಳುತ್ತದೆ,
ಬೆಳಗಾಗುವುದರೊಳಗೆ ಮರೆತೂ ಬಿಡುತ್ತದೆ.

ಇಳಕಲ್ಲಿನ ಖಾನಾವಳಿಯಲ್ಲಿ ಬಾಳವ್ವ ದೊಡ್ಡವ್ವ
ದಿನಕ್ಕೆ ಇನ್ನೂರು ರೊಟ್ಟಿ ಬಡಿಯುತ್ತಿದ್ದಳು.
ನಾನು ಗಲ್ಲಾದ ಪಕ್ಕ ಕೂತು ಲೆಕ್ಕ ಬರೆಯುವ ಹುಡುಗ.
ಗೋಡೆಯಾಚೆಯಿಂದ ತಟ್, ತಟ್, ತಟತಟ,
ಆಮೇಲೊಂದು ಬಿಡುವು.
ಬಿಡುವು ಬಂತೆಂದರೆ ಹಂಚಿಗೆ ಬಿತ್ತೆಂದು ಅರ್ಥ.
ಒಂದು ದಿನವೂ ಎದ್ದು ಹೋಗಿ ಆ ಕೈ ನೋಡಲಿಲ್ಲ.
ಈಗ ರೊಟ್ಟಿ ನನ್ನ ಕಿವಿಗೆ ಬರುತ್ತದೆ,
ಅಂಗೈಗೆ ಬರುವುದಿಲ್ಲ.

ಎಸರು ಕುದಿಸಿ ಜೋಳದ ಹಿಟ್ಟಿಗೆ ಸುರಿದೆ.
ನಾದಿದೆ, ಬೆರಳು ಸುಟ್ಟುಕೊಂಡೆ.
ಮೊದಲನೆಯದು ಎತ್ತುವಾಗಲೇ ಮೂರು ತುಂಡು.
ಎರಡನೆಯದು ಹಂಚಿಗೆ ಅಂಟಿ ಹಂಚಿನದೇ ಆಯಿತು.
ಡಂಬರ್ ಸೋಡಾ ಬಾಟಲಿ ತಂದು ಲಟ್ಟಿಸು ಅಂದ,
ಜೋಳ ಲಟ್ಟಣಿಗೆಯ ಮಾತು ಕೇಳುವ ಜಾತಿಯಲ್ಲ.
ಬಡಿಯಬೇಕು.
ಆದರೆ ಮೊಫಿಜುಲ್‌ಗೆ ರಾತ್ರಿ ಪಾಳಿ,
ಒಲೆಯಿಂದ ನಾಲ್ಕು ಹೆಜ್ಜೆಗೆ ಅವನ ಮಂಚ.
ಹಾಗಾಗಿ ಒತ್ತಿದೆ, ಸದ್ದಿಲ್ಲದೆ, ಕಳ್ಳನ ಹಾಗೆ.
ಒತ್ತಿದ ರೊಟ್ಟಿ ದಪ್ಪ, ಮುನಿಸಿಕೊಂಡವರ ಮೋರೆ.

ತಾಳಲಾರದೆ ಒಮ್ಮೆ ಬಡಿದೆ.
ಮತ್ತೊಮ್ಮೆ.
ಎದ್ದು ಬಂದ ಮೊಫಿಜುಲ್, ಕೆಂಪು ಕಣ್ಣು.
ಏನೂ ಅನ್ನಲಿಲ್ಲ.
ತನ್ನ ಹೊದಿಕೆ ನಾಲ್ಕು ಮಡಿಕೆ ಮಾಡಿ
ಹಲಗೆಯ ಕೆಳಗೆ ತುರುಕಿ
ಹೋಗಿ ಹಾಗೇ ಮಲಗಿದ, ಎ.ಸಿ.ಯ ಚಳಿಗೆ ಮುದುರಿ.

ಆಮೇಲಿನ ಸದ್ದು ಬೇರೆಯೇ,
ಯಾರೋ ದೂರದಲ್ಲಿ ಮಗುವಿನ ಬೆನ್ನು ತಟ್ಟುವ ಹಾಗೆ.
ಐದನೆಯದು ದುಂಡಗೆ ಬಂತು ಅನ್ನಲಾರೆ,
ಬಂತು.
ಒದ್ದೆ ಬಟ್ಟೆ ಸವರಿ ಮಗುಚಿದೆ,
ಕೆಂಡವಿಲ್ಲದ ಗ್ಯಾಸಿನ ಮೇಲೂ
ಒಂದು ಕಡೆ ಉಬ್ಬಿ, ಸುಂಯ್ ಅಂದು, ಕುಸಿಯಿತು.

ನಮ್ಮ ಕಡೆ ಇದಕ್ಕೆ ಹಂಚು ಅಂತಾರೆ, ಡಂಬರನಿಗೆ ಹೇಳಿದೆ,
ಪಾಲು ಮಾಡು ಅನ್ನುವುದಕ್ಕೂ ಅದೇ ಮಾತು.
ಒಲೆಯಿಂದ ಕಣ್ಣು ಕೀಳದೆ
ಹಾಗಾದರೆ ಮಾಡು, ಅಂದ.

ಉಳ್ಳಾಗಡ್ಡಿ, ಹಸಿಮೆಣಸು, ಉಪ್ಪು.
ಲೆಕ್ಕ ಹಾಕಿದೆ, ಹಳೆಯ ಚಾಳಿ:
ಒಂದಕ್ಕೆ ಮೂವತ್ತು ಫಿಲ್ಸ್, ಗ್ಯಾಸು ಬಿಟ್ಟು,
ಸುಟ್ಟ ಬೆರಳು ಬಿಟ್ಟು.
ಮೊಫಿಜುಲನ ಎರಡು ತಟ್ಟೆ ಮುಚ್ಚಿಟ್ಟಿದ್ದೇನೆ.

ಒಂದು ದಿನ ನಾನೂ ಇದನ್ನು
ಅದೇ ಸಂತೆಯ ಅದೇ ಧೂಳಿನಲ್ಲಿ ಬೋರಲು ಇಡುತ್ತೇನೆ,
ಹಿಡಿಕೆ ಸಮೇತ.
ನಾನೂರಕ್ಕೆ ಮಾತ್ರ ಕೊಡುವುದಿಲ್ಲ.
ಬೆಸುಗೆಗೇ ಐನೂರು.