ಡಬ್ಬಿಯ ಪಾಲು

ಬಂದರು ಧಕ್ಕೆಯಿಂದ ಬೆಂಗ್ರೆಗೆ ಬೆಳಗಿನ ದೋಣಿ.
ಎಲ್ಲರ ಕಾಲ ಬಳಿಯೂ ಒಂದೊಂದು ಐಸ್ ಪೆಟ್ಟಿಗೆ.
ನನ್ನದರಲ್ಲಿ ಸಂಜೆ ಬೆಂದ ಮೀನು ಹೊಳೆ ದಾಟುತ್ತದೆ ಎಂದರೆ
ದೋಣಿಯವ ನಗುತ್ತಾನೆ:
"ಮೇಡಂ, ಹೋಟೆಲು ಎಲ್ಲಿ ಇಟ್ಟಿದ್ದೀರಿ?"

ಹೋಟೆಲಲ್ಲ. ಕಡತದಲ್ಲಿ ಇದಕ್ಕೊಂದು ಉದ್ದದ ಹೆಸರುಂಟು.
ಬಿಡಿಸಿ ಹೇಳಿದರೆ ಇಷ್ಟೇ:
ನೀವು ಉಂಡದ್ದನ್ನೇ, ಉಂಡಷ್ಟನ್ನೇ,
ಇನ್ನೊಂದು ಪಾಲು ಈ ಡಬ್ಬಿಗೆ ಬಡಿಸಿ, ಏಳು ದಿನ.
ಚಾ ಕುಡಿದರೆ ಚಾ. ಅರ್ಧ ಬಿಸ್ಕಿಟು ತಿಂದರೆ ಅರ್ಧ ಬಿಸ್ಕಿಟು.
ಮುಳ್ಳು ಬೇಡ. ಉಗುಳಿದ್ದು ಬೇಡ.

ಗುಲಾಬಿಯಕ್ಕ ಮೆಂಡನ್ ಡಬ್ಬಿಯನ್ನು ತಿರುಗಿಸಿ ನೋಡಿದರು.
"ಇದು ಯಾರಿಗೆ?
ಎದುರಿಗೆ ಇಲ್ಲದವರಿಗೆ ನಾವು ಬಡಿಸುವುದು
ವರ್ಷಕ್ಕೊಮ್ಮೆ, ಎಲೆಯಲ್ಲಿ, ಬಾಗಿಲು ಓರೆ ಮಾಡಿ.
ಅವರಿಗಾದರೂ ಹೆಸರುಂಟು."
ಪ್ರಯೋಗಾಲಯಕ್ಕೆ, ಅಂದೆ.
"ಪಾಪ, ಅಲ್ಲಿ ಎಷ್ಟು ಜನ?"

ಸೋಮವಾರ ಕುಚ್ಚಲಕ್ಕಿ ಗಂಜಿ, ಮುನ್ನೂರ ಹತ್ತು ಗ್ರಾಂ, ಮಾವಿನ ಮಿಡಿ ಒಂದು.
ಮಂಗಳವಾರ ಮರ್ವಾಯಿ ಸುಕ್ಕ, ಚಿಪ್ಪು ಬಿಟ್ಟು ಎಂಬತ್ತೆರಡು.
ಹೊಳೆಯ ನೀರನ್ನು ಸೋಸಿ ಸೋಸಿ ಬದುಕುವ ಈ ಜೀವ
ಸೋಸಿದ್ದರಲ್ಲಿ ಒಂದಿಷ್ಟನ್ನು ಒಳಗೇ ಇಟ್ಟುಕೊಳ್ಳುತ್ತದೆ ಎಂದು ಓದಿದ್ದೇನೆ.
ಅಕ್ಕನಿಗೆ ಅದನ್ನು ಹೇಳಲಿಲ್ಲ.
ಪಾತ್ರೆ ಅಲ್ಯುಮಿನಿಯಂ, ತಳ ಕುಳಿಬಿದ್ದದ್ದು;
ಹುಳಿ ಎಷ್ಟು ಹೊತ್ತು ಕುದಿಯಿತು ಎಂಬುದಕ್ಕೂ
ನನ್ನ ಹಾಳೆಯಲ್ಲಿ ಒಂದು ಕಾಲಂ.

ಗುರುವಾರ ಬಂಗುಡೆ ಪುಳಿಮುಂಚಿ.
ತಕ್ಕಡಿಯ ಮುಂದೆ ಕೂತವಳು ಆಗಲೇ ಕಂಡದ್ದು:
ಡಬ್ಬಿಯಲ್ಲಿ ನಡುತುಂಡು ಎರಡು, ಮೊಟ್ಟೆ ತುಂಬಿದ್ದು.
ಅವರ ಬಟ್ಟಲಲ್ಲಿ ಬಾಲ, ಸಾರು, ಮತ್ತೆ ಸಾರು.
ಅಕ್ಕ, ಎರಡೂ ಒಂದೇ ಥರ ಆಗಬೇಕು.
"ಹೊರಗಿನವರಿಗೆ ಬಾಲ ಕೊಡ್ಲಿಕ್ಕೆ ಉಂಟಾ ಮಾರಾಯ್ತಿ?"
ಏಳು ದಿನದಲ್ಲಿ ನಾಲ್ಕು ದಿನದ ಲೆಕ್ಕ
ಹೀಗೆ ಮರ್ಯಾದೆಯಿಂದ ಕೆಟ್ಟುಹೋಯಿತು.

ಷರಾದಲ್ಲಿ ಬರೆಯಲು ಹೊರಟೆ:
'ಮನೆಯವರು ತಾವು ತಿಂದದ್ದನ್ನು ಕೊಡುತ್ತಿಲ್ಲ,
ತಿನ್ನಬೇಕೆಂದಿದ್ದದ್ದನ್ನು...'
ಹೊಡೆದುಹಾಕಿದೆ. ಜಾಗ ಸಾಲಲಿಲ್ಲ.

ಮೊಮ್ಮಗಳು ಧೃತಿ ಹದಿಮೂರು ಕಿಲೋ ಆರುನೂರು.
ಉಂಡದ್ದನ್ನು ಮೈತೂಕದಿಂದ ಭಾಗಿಸುವುದು ನಮ್ಮ ಕ್ರಮ.
ಭಾಗಿಸುವ ಅಂಕಿ ಸಣ್ಣದಾದಷ್ಟೂ ಉತ್ತರ ದೊಡ್ಡದು,
ಐದನೇ ಕ್ಲಾಸಿನ ಗಣಿತ.
ತಕ್ಕಡಿಯ ಮೇಲೆ ಅವಳು ಕುಣಿದಳು,
ಕೆಂಪು ಅಂಕಿಗಳು ಎಷ್ಟೋ ಹೊತ್ತು ನಿಲ್ಲಲೇ ಇಲ್ಲ.

ಹೊಳೆಯ ಈಚೆ, ಕೊಡಿಯಾಲ್‌ಬೈಲಿನ ಎರಡನೇ ಮಾಳಿಗೆಯಲ್ಲಿ
ನಮ್ಮ ಮಿಕ್ಸಿಗೆ ಟೈಟಾನಿಯಂ ಬ್ಲೇಡು,
ಉಕ್ಕಿನ ಚೂರು ಊಟಕ್ಕೆ ಸೇರಬಾರದೆಂದು.
ಬಂಗುಡೆ, ಬಸಳೆ, ಬನ್ಸು, ನೀರುದೋಸೆ, ಅರ್ಧ ಚಿಕ್ಕು
ಒಟ್ಟಿಗೆ ತಿರುಗಿ ಬೂದು ಬಣ್ಣದ ಒಂದೇ ಹಿಟ್ಟು.
ಮುಚ್ಚಳ ತೆಗೆದಾಗ ಒಂದು ಕ್ಷಣ ಪುಳಿಮುಂಚಿಯ ಘಮ,
ಆಮೇಲೆ ಆಸಿಡ್ಡು.
ಆಮೇಲೆ ತಿಳಿನೀರು, ಬೆರಳುದ್ದದ ಟ್ಯೂಬಿನಲ್ಲಿ.
ಸೀಸ, ಕ್ಯಾಡ್ಮಿಯಂ, ಪಾದರಸ:
ಯಂತ್ರ ಹಾಜರಿ ಕರೆಯುತ್ತದೆ.
ಕೆಲವು ಮೆಲ್ಲಗೆ ಓಗೊಡುತ್ತವೆ,
ಕೆಲವು ಕೂತಲ್ಲೇ ತಲೆ ತಗ್ಗಿಸುತ್ತವೆ.

ಮೂರು ತಿಂಗಳಾದ ಮೇಲೆ ಹಾಳೆ ಹಿಡಿದು ಹೋದೆ.
"ತಿನ್ನಬಹುದಾ, ಬಾರದಾ? ಅಷ್ಟು ಹೇಳು."
ಸರಾಸರಿ ಮಿತಿಯ ಒಳಗೇ ಉಂಟು ಅಕ್ಕ.
"ಸರಾಸರಿ ಯಾವ ಮನೆಯವಳು?"
ಊರಿನವರನ್ನೆಲ್ಲ ಕೂಡಿಸಿ,
ಊರಿನವರಿಂದಲೇ ಭಾಗಿಸಿದರೆ ಸಿಗುವವಳು, ಅಂದೆ.
ಅಕ್ಕ ಸ್ವಲ್ಪ ಹೊತ್ತು ಅವಳನ್ನು ನೋಡಿದ ಹಾಗೆ ಮಾಡಿದರು,
ಹೊಸಿಲಿನಾಚೆ, ಬಲೆ ಒಣಗುತ್ತಿದ್ದ ಕಡೆ.
"ಅವಳಿಗೆ ಯಾವ ತುಂಡು ಸಿಗ್ತದೆ?"

ನನ್ನ ಬಳಿ ಆ ದಿನ ತಕ್ಕಡಿ ಇರಲಿಲ್ಲ.
ಗಂಜಿ, ಹುರಿದ ಕಾಣೆ, ಚಟ್ನಿ.
ನನ್ನ ಬಟ್ಟಲಿಗೆ ನಡುತುಂಡೇ ಬಂದು ಬಿತ್ತು.
ಅರ್ಧ ಮುರಿದು ಅವರದಕ್ಕೆ ಹಾಕಲು ಹೋದರೆ
ಅಂಗೈಯಿಂದ ಬಟ್ಟಲು ಮುಚ್ಚಿಕೊಂಡರು.
"ನೀನು ತಿನ್ನು. ದೋಣಿಗೆ ಹೊತ್ತಾಯ್ತು."